ಕಾರ್ಡಿನಲ್ಸ್ ಹುಡುಗರು, ಟ್ರೇಡ್ ಗಾಳಿಸುದ್ದಿ, ಬ್ಲೂಸ್ ಪ್ಲೇಆಫ್: ಸೇಂಟ್ ಲೂಯಿಸ್‌ಗೆ ಹೊಸದಾಗಿ ಬಂದ ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ವರ್ಷ ಏಪ್ರಿಲ್ ಬಂತು ಅಂದ್ರೆ ಇದೇ ಪ್ರಶ್ನೆಗಳು ಶುರುವಾಗತ್ತೆ. ಆಫೀಸಲ್ಲಿ ಎಲ್ರೂ ಊರಿನ ಬೇಸ್‌ಬಾಲ್ ಟೀಮ್ ಕಾರ್ಡಿನಲ್ಸ್‌ದು ಕೆಂಪು ಟೀ ಶರ್ಟ್ ಹಾಕ್ಕೊಂಡು ಯಾರೋ ವಾಕರ್ ಅನ್ನೋ ಹುಡುಗನ್ನ ಬೈತಿರ್ತಾರೆ, ಮಧ್ಯದಲ್ಲೇ ಇದ್ದಕ್ಕಿದ್ದಂಗೆ ಬ್ಲೂಸ್ ಅನ್ನೋ ಐಸ್ ಹಾಕಿ ಟೀಮಿನ ಮಾತು ಬಂದ್ಬಿಡತ್ತೆ, ಹೊಸಬರಿಗೆ ತಲೆಬುಡ ಗೊತ್ತಾಗಲ್ಲ. ಒಬ್ಬೊಬ್ಬರಿಗೆ ಹೇಳೋ ಬದಲು ಒಂದೇ ಸಲ ಬರೆದು ಹಾಕ್ತಿದೀನಿ. ಆಟಗಾರರ ನಂಬರ್‌ಗಳೆಲ್ಲ 2025ರ ಸೀಸನ್ ಮುಗಿಯೋವರೆಗಿನದು.

162 ಮ್ಯಾಚ್ ಇರೋ ಸೀಸನ್ನಲ್ಲಿ ಏಪ್ರಿಲ್‌ನಲ್ಲೇ ಯಾಕ್ರೀ ಇಷ್ಟು ಕೂಗಾಟ?

ಅಭ್ಯಾಸ ಕೆಟ್ಟಿದೆ, ಅದಕ್ಕೆ. ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲ್ ಫೈನಲ್, ಗೆದ್ದಿರೋದು 11 ಸಲ, ನ್ಯೂಯಾರ್ಕ್ ಯಾಂಕೀಸ್ ಬಿಟ್ರೆ ಇವರೇ. ಕೊನೇದು 2011. ಅಕ್ಟೋಬರ್‌ನಲ್ಲಿ ಪ್ಲೇಆಫ್ ನೋಡೋದು ಈ ಊರಿನ ಜನಕ್ಕೆ ದಸರಾ ಥರ ಕ್ಯಾಲೆಂಡರ್‌ನಲ್ಲೇ ಇರೋ ವಿಷಯ ಆಗಿತ್ತು. ಆಮೇಲೆ 2023ರಲ್ಲಿ 91 ಮ್ಯಾಚ್ ಸೋತು ಡಿವಿಷನ್‌ನಲ್ಲಿ ಕೊನೇ ಸ್ಥಾನ, 2024ರಲ್ಲೂ ಪ್ಲೇಆಫ್ ಇಲ್ಲ, 2025ರಲ್ಲೂ ಇಲ್ಲ. ಹಂಗಾಗಿ ಮೊದಲನೇ ವಾರ ಎರಡು ಮ್ಯಾಚ್ ಸೋತ್ರೂ ಜನ ಹಳೇ ಗಾಯ ಕೆರ್ಕೊಳ್ತಾರೆ.

ಪ್ರಾಸ್ಪೆಕ್ಟ್ ಅಂದ್ರೆ ಯಾರು? ಟೀಮಲ್ಲಿ ಇಲ್ದೇ ಇರೋವ್ರ ಬಗ್ಗೆ ಯಾಕೆ ಇಷ್ಟು ಚರ್ಚೆ?

ಮುಂದೆ ಸ್ಟಾರ್ ಆಗ್ತಾನೆ ಅಂತ ಕ್ಲಬ್ ದುಡ್ಡು ಸುರಿದು ಬೆಳೆಸ್ತಿರೋ ಹುಡುಗ. ಡ್ರಾಫ್ಟಲ್ಲಿ (ಕ್ಲಬ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳೋದು) ತಗೊಂಡ ತಕ್ಷಣ ಮೇಜರ್ ಲೀಗ್‌ಗೆ ಇಳಿಸಲ್ಲ. ಕಾರ್ಡಿನಲ್ಸ್ ಹುಡುಗ ಆದ್ರೆ ಫ್ಲೋರಿಡಾದ ಪಾಮ್ ಬೀಚ್, ಆಮೇಲೆ ಇಲಿನಾಯ್‌ನ ಪಿಯೋರಿಯಾ, ಆಮೇಲೆ ನಮ್ಮ ಮಿಜೂರಿಯಲ್ಲೇ ಇರೋ ಸ್ಪ್ರಿಂಗ್‌ಫೀಲ್ಡ್, ಕೊನೆಗೆ ಟೆನೆಸಿಯ ಮೆಂಫಿಸ್, ಹಿಂಗೆ ಮೆಟ್ಟಿಲು ಹತ್ಕೊಂಡು ಬರಬೇಕು. ಈ ಫಾರ್ಮ್ ಸಿಸ್ಟಮ್ ಅನ್ನೋ ಐಡಿಯಾನೇ ಇಲ್ಲಿ ಹುಟ್ಟಿದ್ದು, ನೂರು ವರ್ಷದ ಹಿಂದೆ ಬ್ರಾಂಚ್ ರಿಕಿ ಅನ್ನೋ ಮ್ಯಾನೇಜರ್ ದುಡ್ಡಿರೋ ಕ್ಲಬ್‌ಗಳ ಜೊತೆ ಹರಾಜಲ್ಲಿ ಗುದ್ದಾಡೋಕ್ಕಾಗದೆ ಚಿಕ್ಕ ಚಿಕ್ಕ ಊರಿನ ಟೀಮ್‌ಗಳನ್ನೇ ಕೊಂಡ್ಕೊಂಡು ಅಲ್ಲೇ ಹುಡುಗರನ್ನ ತಯಾರು ಮಾಡೋಕೆ ಶುರು ಮಾಡಿದ್ದು. ಅದಕ್ಕೇ ಇಲ್ಲಿನ ಅಜ್ಜಂದಿರಿಗೂ ಮೆಂಫಿಸ್‌ನ ಎರಡನೇ ಬೇಸ್ ಆಡೋನ ಹೆಸರು ಗೊತ್ತಿರತ್ತೆ.

ಸರಿ, ಈ ಜೋರ್ಡನ್ ವಾಕರ್‌ಗೆ ಏನಾಗಿದೆ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

2020ರ ಡ್ರಾಫ್ಟಲ್ಲಿ 21ನೇ ನಂಬರ್‌ಗೆ ಜಾರ್ಜಿಯಾದ ಹೈಸ್ಕೂಲಿಂದ ತಗೊಂಡ ಹುಡುಗ, ಹತ್ರತ್ರ ಆರೂವರೆ ಅಡಿ ಎತ್ತರ, ಬ್ಯಾಟ್ ಬೀಸೋ ಸ್ಪೀಡ್ ನೋಡಿದ್ರೆ ಇಡೀ ಲೀಗ್‌ನಲ್ಲೇ ಮೇಲಿನ ಸಾಲಲ್ಲಿ ಬರ್ತಾನೆ. 2023ರ ಮಾರ್ಚ್ 30ಕ್ಕೆ 20ನೇ ವಯಸ್ಸಲ್ಲಿ ಡೆಬ್ಯೂ ಮಾಡಿದ, ಮೊದಲ 12 ಮ್ಯಾಚಲ್ಲೂ ಹಿಟ್ ಹೊಡೆದು ಆ ವಯಸ್ಸಿನವರ ಪೈಕಿ 1912ರಿಂದ ಇದ್ದ ದಾಖಲೆ ಸರಿಗಟ್ಟಿದ. ಊರೆಲ್ಲ ಹುಚ್ಚೆದ್ದು ಕುಣೀತು. ಆ ತಿಂಗಳು ಮುಗಿಯೋಕ್ಕೆ ಮುಂಚೆನೇ ಮೆಂಫಿಸ್‌ಗೆ ಕಳಿಸಿದ್ರು! ಯಾಕಂದ್ರೆ ಹೊಡೆತ ಜೋರಾಗೇ ಇತ್ತು, ಆದ್ರೆ ಚೆಂಡು ಅರ್ಧಕ್ಕಿಂತ ಜಾಸ್ತಿ ಸಲ ನೆಲಕ್ಕೇ ಹೋಗ್ತಿತ್ತು. ಜೂನ್‌ನಲ್ಲಿ ವಾಪಸ್ ಬಂದು ವರ್ಷ ಮುಗಿಸಿದಾಗ .276 ಸರಾಸರಿ (ಸಾವಿರ ಸಲ ಬ್ಯಾಟ್ ಮಾಡಿದ್ರೆ 276 ಹಿಟ್ ಅನ್ನೋ ಲೆಕ್ಕ), 16 ಹೋಮ್ ರನ್, 20-21ರ ಹುಡುಗನಿಗೆ ಇದು ಕಮ್ಮಿ ಏನಲ್ಲ.

ಕಷ್ಟ ಬಂದಿದ್ದು ಆಮೇಲೆ. 2024ರಲ್ಲಿ .201, ಮತ್ತೆ ಮೆಂಫಿಸ್. 2025ರಲ್ಲಿ .215, 111 ಮ್ಯಾಚಿಗೆ ಬರೀ 6 ಹೋಮ್ ರನ್, ಮಧ್ಯ ಮಣಿಕಟ್ಟು ನೋವು, ಅದು ವಾಸಿಯಾಗೋ ಹೊತ್ತಿಗೆ ಅಪೆಂಡಿಸೈಟಿಸ್ ಬೇರೆ.

ಮೈದಾನದಲ್ಲಿ ಹತ್ರದಿಂದ ನೋಡಿದ್ರೆ ಸಮಸ್ಯೆ ಬರಿಗಣ್ಣಿಗೇ ಕಾಣತ್ತೆ. ಪಿಚ್ಚರ್ ಒಂದು ಫಾಸ್ಟ್‌ಬಾಲ್ ಒಳಗಡೆ ಹಾಕಿ ಅವನನ್ನ ಹಿಂದಕ್ಕೆ ಸರಿಸ್ತಾನೆ, ಮುಂದಿನದು ಸ್ಲೈಡರ್, ಕೈಯಿಂದ ಬಿಟ್ಟಾಗ ಪ್ಲೇಟ್ ಮೇಲೇ ಬರೋ ಥರ ಕಂಡು ಕೊನೇ ಹತ್ತಡಿಯಲ್ಲಿ ಹೊರಗೆ ಕೆಳಗೆ ಜಾರಿಹೋಗತ್ತೆ, ಅಷ್ಟರಲ್ಲಿ ವಾಕರ್ ಆ ಉದ್ದ ತೋಳು ಚಾಚಿಬಿಟ್ಟಿರ್ತಾನೆ, ಒಂದೋ ಗಾಳಿಗೆ ಬೀಸ್ತಾನೆ, ಇಲ್ಲಾ ಬ್ಯಾಟಿನ ತುದಿಗೆ ತಗುಲಿ ಶಾರ್ಟ್‌ಸ್ಟಾಪ್ ಕೈಗೆ ಉರುಳಿಕೊಂಡು ಹೋಗತ್ತೆ. ಪಕ್ಕದಲ್ಲಿ ಕೂತಿರೋ ಅಂಕಲ್ ತೊಡೆ ಹೊಡ್ಕೊಂಡು "ಬಿಡೋ, ಅದನ್ನ ಬಿಡೋ" ಅಂತ ಇಂಗ್ಲಿಷಲ್ಲಿ ಗೊಣಗ್ತಾರೆ. ಇದು ಗೊತ್ತಾದ ಮೇಲೆ ಯಾವ ಟೀಮೂ ಅವನಿಗೆ ಬೇರೆ ಚೆಂಡು ಹಾಕೋ ತೊಂದ್ರೆನೇ ತಗೊಳಲ್ಲ.

ನನ್ನ ಪ್ರಕಾರ ತಪ್ಪಲ್ಲಿ ಅರ್ಧ ಕ್ಲಬ್‌ದು. ಥರ್ಡ್ ಬೇಸ್ ಆಡ್ತಿದ್ದವನನ್ನ ಅಲ್ಲಿ ಸ್ಟಾರ್ ಆಟಗಾರ ನೋಲನ್ ಅರೆನಾಡೋ ಇದಾರೆ ಅಂತ ಔಟ್‌ಫೀಲ್ಡ್‌ಗೆ ತಳ್ಳಿದ್ರು, ಚೆಂಡು ಎತ್ತಿ ಹೊಡಿ ಅಂತ ಸ್ವಿಂಗ್ ಬದಲಾಯಿಸೋಕೆ ಹೇಳಿದ್ರು, ಮೇಲೆ ಕರ್ಕೊಂಡ್ರು, ಕೆಳಗೆ ಕಳಿಸಿದ್ರು. ಹುಡುಗ ಯಾರ ಮಾತು ಕೇಳಬೇಕು?

ಮೆಂಫಿಸ್‌ಗೆ ಕಳಿಸಿದ್ರೆ ಅಲ್ಲಿಗೆ ಕಥೆ ಮುಗೀತಾ?

ಖಂಡಿತ ಇಲ್ಲ. ಸಾಮಾನ್ಯವಾಗಿ ಒಬ್ಬ ಆಟಗಾರನಿಗೆ ಮೂರು ಆಪ್ಷನ್ ವರ್ಷ ಇರತ್ತೆ, ಆ ವರ್ಷಗಳಲ್ಲಿ ಬೇರೆ ಕ್ಲಬ್‌ಗೆ ಕಳ್ಕೊಳೋ ಭಯ ಇಲ್ದೆ ಕೆಳಗೆ ಕಳಿಸಿ ವಾಪಸ್ ಕರಿಸ್ಕೋಬಹುದು, ಒಂದು ಸೀಸನ್ನಲ್ಲಿ ಐದು ಸಲ ಮಾತ್ರ. ಆಪ್ಷನ್ ಖಾಲಿ ಆದ್ಮೇಲೆ ಕೆಳಗೆ ಕಳಿಸಬೇಕು ಅಂದ್ರೆ ವೇವರ್ಸ್‌ಗೆ ಹಾಕ್ಬೇಕು, ಬೇರೆಯವ್ರು ಎತ್ಕೊಂಡು ಹೋಗ್ಬಹುದು. ಜನ "ಅವನಿಗೆ ಆಪ್ಷನ್ ಉಳಿದಿದ್ಯಾ" ಅಂತ ಕೇಳೋದು ಇದಕ್ಕೇ.

ಉದಾಹರಣೆ ಬೇಕಾ? ಜಾಕ್ಸನ್ ಹಾಲಿಡೇ, ನಮ್ಮ ಹಳೇ ಕಾರ್ಡಿನಲ್ ಮ್ಯಾಟ್ ಹಾಲಿಡೇ ಮಗ, 2022ರ ಡ್ರಾಫ್ಟಿನ ನಂಬರ್ 1, ಬಾಲ್ಟಿಮೋರ್‌ಗೆ ಆಡ್ತಾನೆ. 2024ರ ಏಪ್ರಿಲ್‌ನಲ್ಲಿ ಬಂದವನು 34 ಸಲ ಬ್ಯಾಟ್ ಮಾಡಿ 2 ಹಿಟ್! ಕೆಳಗೆ ಕಳಿಸಿದ್ರು. ಜುಲೈ 31ಕ್ಕೆ ವಾಪಸ್ ಬಂದ ದಿನವೇ ಗ್ರ್ಯಾಂಡ್ ಸ್ಲ್ಯಾಮ್, ಅಂದ್ರೆ ಒಂದೇ ಏಟಿಗೆ ನಾಲ್ಕು ರನ್ ತರೋ ಹೋಮ್ ರನ್, ಹೊಡೆದ. ಮೈಕ್ ಟ್ರೌಟ್ ಅಂಥ ಮೈಕ್ ಟ್ರೌಟೇ 2011ರಲ್ಲಿ 40 ಮ್ಯಾಚಿಗೆ .220, ಮುಂದಿನ ವರ್ಷ ರೂಕಿ ಆಫ್ ದಿ ಇಯರ್. ಅಷ್ಟು ದೂರ ಯಾಕೆ, ನಮ್ಮ ಮೇಸನ್ ವಿನ್ನನ್ನೇ ನೋಡಿ. ವಾಕರ್ ಜೊತೆ ಅದೇ 2020ರ ಡ್ರಾಫ್ಟಲ್ಲಿ ಬಂದವನು, 2023ರಲ್ಲಿ .172 ಹೊಡೆದಾಗ ಇವನ ಕೈಲಾಗಲ್ಲ ಅಂದವ್ರು ಎಷ್ಟೋ ಜನ, ಈಗ ಅವನೇ ಖಾಯಂ ಶಾರ್ಟ್‌ಸ್ಟಾಪ್, 2025ರಲ್ಲಿ ಒಳ್ಳೇ ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲವ್ ಕೂಡ ಬಂತು. ಅದೇ ಡ್ರಾಫ್ಟಿನ ಆಲೆಕ್ ಬರ್ಲ್‌ಸನ್ ಬಗ್ಗೆ ಯಾರೂ ಡ್ರಮ್ ಬಾರಿಸಿರಲಿಲ್ಲ, ಒಳ್ಳೇ ಬ್ಯಾಟಿಂಗ್‌ಗೆ ಕೊಡೋ 2025ರ ಸಿಲ್ವರ್ ಸ್ಲಗರ್ ಅವನಿಗೆ ಸಿಕ್ತು.

ನೋಲನ್ ಗೋರ್ಮನ್?

ಅವನೂ ಕಾರ್ಡಿನಲ್ಸ್ ಬೆಳೆಸಿದ ಪ್ರಾಸ್ಪೆಕ್ಟೇ. 2023ರಲ್ಲಿ 27 ಹೋಮ್ ರನ್. 2024ರಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಸ್ಟ್ರೈಕೌಟ್, ಆಗಸ್ಟ್‌ನಲ್ಲಿ ಮೆಂಫಿಸ್. ತಗುಲಿದ್ರೆ ಚೆಂಡು ಮಿಸಿಸಿಪ್ಪಿ ದಾಟತ್ತೆ, ತಗುಲಬೇಕಲ್ಲ.

ಎಷ್ಟು ದಿನ ಅಂತ ಕಾಯೋದು? ನಾಲ್ಕು ತಿಂಗಳಾ, ನಾಲ್ಕು ವರ್ಷನಾ?

ನಮ್ಮ ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ 303 ನಾಟೌಟ್ ಹೊಡೆದು, ಮುಂದಿನ ಮಾರ್ಚ್ ಆದ್ಮೇಲೆ ಟೀಮಿಂದ ಆಚೆ ಹೋಗಿ, ಮತ್ತೆ ಟೆಸ್ಟ್ ಕ್ಯಾಪ್ ಹಾಕಿದ್ದು 2025ರ ಜೂನ್‌ನಲ್ಲಿ. ಆಗ ನಾವೆಲ್ಲ ಸೆಲೆಕ್ಟರ್‌ಗಳಿಗೆ ಹಾಕಿದ ಶಾಪ ನೆನಪಿದ್ಯಲ್ಲ? ಅದೇ ನಾವು ಇಲ್ಲಿ ಕೂತು ಇಪ್ಪತ್ತು ಚಿಲ್ಲರೆ ವರ್ಷದ ಹುಡುಗನ್ನ ಎರಡು ವಾರಕ್ಕೆ ಮನೆಗೆ ಕಳಿಸಿ ಅಂತೀವಿ.

ನನಗನಿಸೋದು, ಒಂದು ಸೀಸನ್ ಪೂರ್ತಿ, ಅಂದ್ರೆ 500 ಸಲ ಪ್ಲೇಟಿಗೆ ಬರೋ ಅಷ್ಟು ಅವಕಾಶ ಒಂದೇ ಪೊಸಿಷನ್‌ನಲ್ಲಿ ಒಂದೇ ಕೋಚ್ ಕೈಲಿ ಕೊಡಬೇಕು, ಆಮೇಲೆ ತೀರ್ಮಾನ ಮಾಡಿ. ಟೀಮ್ ಹೆಂಗಿದ್ರೂ ಗೆಲ್ತಿಲ್ಲವಲ್ಲ, ಕಳ್ಕೊಳೋದೇನಿದೆ? ಗೆಲ್ಲೋ ಟೀಮ್ ಆಗಿದ್ರೆ ಬೇರೆ ಮಾತು, ಅಲ್ಲಿ ಇಷ್ಟು ತಾಳ್ಮೆ ಕೇಳೋಕಾಗಲ್ಲ.

ಟ್ರೇಡ್ ಸುದ್ದಿ ದಿನಾ ಬರತ್ತೆ. ಯಾವುದು ನಿಜ ಅಂತ ಹೆಂಗೆ ಗೊತ್ತಾಗತ್ತೆ?

ಟ್ರೇಡ್ ಅಂದ್ರೆ ಕ್ಲಬ್‌ಗಳು ಆಟಗಾರರನ್ನ ಅದಲುಬದಲು ಮಾಡ್ಕೊಳೋದು. ಮೊದಲು ಭಾಷೆ ನೋಡಿ. "ವಿಚಾರಿಸಿದ್ದಾರೆ" ಅಂದ್ರೆ ಯಾರೋ ಫೋನ್ ಮಾಡಿದ್ರು ಅಷ್ಟೇ, ಮೂವತ್ತು ಕ್ಲಬ್ಬೂ ಎಲ್ಲರ ಬಗ್ಗೆನೂ ವಿಚಾರಿಸ್ತಾನೇ ಇರ್ತಾರೆ. "ಆಸಕ್ತಿ ಇದೆ" ಅಂದ್ರೆ ಅರ್ಧ ಸಲ ಏಜೆಂಟೇ ಹಬ್ಬಿಸಿದ್ದು. "ಒಪ್ಪಂದ ಆಗಿದೆ, ಮೆಡಿಕಲ್ ನೋಡ್ತಿದಾರೆ" ಅಂತ ಬೇಸ್‌ಬಾಲ್ ವರದಿಗಾರರು ಜೆಫ್ ಪಾಸನ್, ಕೆನ್ ರೋಸೆಂಥಾಲ್, ಇಲ್ಲಾ ನಮ್ಮೂರಿನ ಪೋಸ್ಟ್ ಡಿಸ್ಪ್ಯಾಚ್‌ನ ಡೆರಿಕ್ ಗೂಲ್ಡ್ ಹೇಳಿದ್ರೆ ಆವಾಗ ಎದ್ದು ಕೂತ್ಕೊಳಿ. ಆವಾಗ್ಲೂ ಮೆಡಿಕಲ್‌ನಲ್ಲಿ ಮುರಿದು ಬೀಳಬಹುದು.

ಹೆಸರಲ್ಲಿ ಒಂದಕ್ಷರ ಬದಲಾಯಿಸಿ ಪಾಸನ್ ಫೋಟೋ ಹಾಕ್ಕೊಂಡಿರೋ ನಕಲಿ ಅಕೌಂಟ್‌ಗಳು ಜುಲೈ ಕೊನೇ ವಾರ ಅಣಬೆ ಥರ ಏಳ್ತವೆ. ಫಾರ್ವರ್ಡ್ ಮಾಡೋ ಮುಂಚೆ ದಯವಿಟ್ಟು ಹೆಸರು ಓದಿ.

ಡೆಡ್‌ಲೈನ್ ಸಾಮಾನ್ಯವಾಗಿ ಜುಲೈ ಕೊನೆಗೆ, ನಮ್ಮ ಟೈಮಿಗೆ ಸಂಜೆ 5. ಅದು ದಾಟಿದ್ರೆ ಮೇಜರ್ ಲೀಗ್ ಆಟಗಾರರನ್ನ ಸೀಸನ್ ಮುಗಿಯೋವರೆಗೂ ಟ್ರೇಡ್ ಮಾಡೋಹಾಗಿಲ್ಲ. 2025ರಲ್ಲಿ ಕಾರ್ಡಿನಲ್ಸ್ ಡೆಡ್‌ಲೈನಿನ ಕೊನೇ ಎರಡು ದಿನದಲ್ಲಿ ಕ್ಲೋಸರ್ (ಮ್ಯಾಚ್ ಮುಗಿಸೋ ಪಿಚ್ಚರ್) ರಯಾನ್ ಹೆಲ್ಸ್‌ಲಿಯನ್ನ ಮೆಟ್ಸ್‌ಗೆ, ಫಿಲ್ ಮೇಟನ್‌ನ ಟೆಕ್ಸಸ್‌ಗೆ, ಸ್ಟೀವನ್ ಮಾಟ್ಸ್‌ನ ಬಾಸ್ಟನ್‌ಗೆ ಕಳಿಸಿದ್ರು. ಬದಲಿಗೆ ಬಂದವರೆಲ್ಲ ಪ್ರಾಸ್ಪೆಕ್ಟ್‌ಗಳು, ಅಂದ್ರೆ ಮೊದಲನೇ ಪ್ರಶ್ನೆಯ ಕೂಗಾಟಕ್ಕೆ ಹೊಸ ಹೆಸರುಗಳು.

ಕ್ಲಬ್ ಮಾರಿದ್ರೂ ಅರೆನಾಡೋ "ಹೋಗಲ್ಲ" ಅಂದ್ರಂತೆ, ಅದು ಹೇಗೆ ಸಾಧ್ಯ?

ಅವರ ಕಾಂಟ್ರಾಕ್ಟಲ್ಲೇ ನೋ-ಟ್ರೇಡ್ ಷರತ್ತು ಇತ್ತು. 2024ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ಜೊತೆ ಮಾತುಕತೆ ಮುಗಿದಿತ್ತು, ಅವರು ಬೇಡ ಅಂದ್ರು, ಮುಗೀತು. ಷರತ್ತು ಇಲ್ದೇ ಇದ್ರೂ ಹತ್ತು ವರ್ಷ ಮೇಜರ್ ಲೀಗಲ್ಲಿ ಆಡಿ ಅದ್ರಲ್ಲಿ ಕೊನೇ ಐದು ವರ್ಷ ಒಂದೇ ಕ್ಲಬ್‌ನಲ್ಲಿದ್ರೆ ಆಟಗಾರನಿಗೆ ತಾನಾಗೇ ವೀಟೋ ಸಿಗತ್ತೆ. ಆ ಒಂದು ವರ್ಷ ಪೂರ್ತಿ "ಅರೆನಾಡೋ ಎಲ್ಲಿಗೆ" ಅನ್ನೋದೇ ಊರಿನ ಧಾರಾವಾಹಿ. ಕೊನೆಗೆ 2026ರ ಜನವರಿಯಲ್ಲಿ ಅರಿಝೋನಾಗೆ ಹೋದ್ರು, ಸಂಬಳದಲ್ಲಿ ದೊಡ್ಡ ಪಾಲು ಕಾರ್ಡಿನಲ್ಸೇ ಕಟ್ಟಬೇಕು. ಅಷ್ಟರಲ್ಲಿ ಟೀಮ್ ಕಟ್ಟೋ ಜವಾಬ್ದಾರಿ ಹೊತ್ತಿದ್ದ ಮುಖ್ಯಸ್ಥ ಜಾನ್ ಮೊಝೆಲಿಯಾಕ್ ಇಳಿದು ಕೈಮ್ ಬ್ಲೂಮ್ ಆ ಕುರ್ಚಿಗೆ ಬಂದಿದ್ರು, ಹಳಬರಾದ ಸನ್ನಿ ಗ್ರೇ ಮತ್ತೆ ವಿಲ್ಸನ್ ಕಾಂಟ್ರೆರಾಸ್ ಇಬ್ಬರೂ ಬಾಸ್ಟನ್‌ಗೆ ಹೋಗಿದ್ರು. ರೀಬಿಲ್ಡ್ (ಟೀಮನ್ನ ಬುಡದಿಂದ ಮತ್ತೆ ಕಟ್ಟೋದು) ಅನ್ನೋ ಪದ ಈ ಊರಲ್ಲಿ ಬಾಯ್ಬಿಟ್ಟು ಹೇಳೋಕೆ ಜನಕ್ಕೆ ಹಿಂಸೆ ಆಗತ್ತೆ, ಆದ್ರೆ ನಡೀತಿರೋದು ಅದೇ.

ಹಳೇ ಟ್ರೇಡ್ ಮಾತು ತೆಗೆದ್ರೆ ಯಾಕೆ ಎಲ್ರೂ ಮುಖ ಗಂಟಿಕ್ಕೊಳ್ತಾರೆ?

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅನ್ನೋದು ಇವರನ್ನ ನೋಡೇ ಹೇಳಿರ್ಬೇಕು.

2017ರ ಡಿಸೆಂಬರ್: ಮಾರ್ಸೆಲ್ ಓಝುನಾಗೋಸ್ಕರ ಮಯಾಮಿಗೆ ಸ್ಯಾಂಡಿ ಆಲ್ಕಾಂಟರಾ, ಝ್ಯಾಕ್ ಗ್ಯಾಲನ್ ಇಬ್ಬರನ್ನೂ ಕೊಟ್ರು. ಓಝುನಾ ಇಲ್ಲಿ ಆಡಿದ್ದು ಎರಡೇ ಸೀಸನ್. ಆಲ್ಕಾಂಟರಾ 2022ರಲ್ಲಿ ಅತ್ಯುತ್ತಮ ಪಿಚ್ಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ರು. 2019ರ ಡಿಸೆಂಬರ್: ಆಡೋಲಿಸ್ ಗಾರ್ಸಿಯಾನ್ನ ಟೆಕ್ಸಸ್‌ಗೆ ಬರೀ ದುಡ್ಡಿಗೆ ಮಾರಿದ್ರು, ಆ ಮನುಷ್ಯ 2023ರ ಪ್ಲೇಆಫ್‌ನಲ್ಲಿ 22 ರನ್ ತಂದು ದಾಖಲೆ ಮಾಡಿ ಟೆಕ್ಸಸ್‌ಗೆ ವರ್ಲ್ಡ್ ಸೀರೀಸ್ ಗೆಲ್ಲೋಕೆ ದಾರಿ ಮಾಡಿಕೊಟ್ಟ. ಗಾರ್ಸಿಯಾ ಹೋಗಿ ಒಂದೇ ತಿಂಗಳಿಗೆ, 2020ರ ಜನವರಿಯಲ್ಲಿ, ರ್‍ಯಾಂಡಿ ಅರೊಝರೇನಾ ಟ್ಯಾಂಪಾಗೆ ಹೋದ, ಅದೇ ವರ್ಷ ಒಂದೇ ಪ್ಲೇಆಫ್‌ನಲ್ಲಿ 10 ಹೋಮ್ ರನ್, ಅದೂ ದಾಖಲೆ. ಆ ಟ್ರೇಡಲ್ಲಿ ಬಂದ ಮ್ಯಾಥ್ಯೂ ಲಿಬರಟೋರ್ ಖಾಯಂ ಸ್ಟಾರ್ಟರ್ ಆಗೋಕೆ 2025 ಬರಬೇಕಾಯ್ತು.

ಹಂಗಂತ ಹುಡುಗರನ್ನ ತಬ್ಬಿಕೊಂಡು ಕೂತ್ರೂ ಏಟು ಬೀಳತ್ತೆ. 2022ರ ಬೇಸಿಗೆಯಲ್ಲಿ ವಾಷಿಂಗ್ಟನ್ ತನ್ನ ಸ್ಟಾರ್ ಬ್ಯಾಟರ್ ವಾನ್ ಸೋಟೋನ್ನ ಮಾರೋಕೆ ನಿಂತಾಗ ಕಾರ್ಡಿನಲ್ಸ್ ಕೂಡ ಸಾಲಲ್ಲಿದ್ರು, ಬದಲಿಗೆ ಕೊಡ್ತಾರೆ ಅಂತ ನಮ್ಮ ಪ್ರಾಸ್ಪೆಕ್ಟ್ ಡಿಲನ್ ಕಾರ್ಲ್‌ಸನ್ ಹೆಸರು ದಿನಾ ಪೇಪರಲ್ಲಿ. ಸೋಟೋ ಸ್ಯಾನ್ ಡಿಯಾಗೋಗೆ ಹೋದ. ಎರಡು ವರ್ಷ ಆದ್ಮೇಲೆ ಅದೇ ಕಾರ್ಲ್‌ಸನ್‌ನ ಒಬ್ಬ ರಿಲೀಫ್ ಪಿಚ್ಚರ್‌ಗೆ ಟ್ಯಾಂಪಾಗೆ ಕೊಟ್ರು. ಒಂದು ಕಾಲದಲ್ಲಿ ಸೋಟೋ ತೂಕಕ್ಕೆ ಇಟ್ಟಿದ್ದ ಹುಡುಗ ಕಣ್ರೀ!

ಒಳ್ಳೇದೂ ಆಗಿದೆ. ಪಾಲ್ ಗೋಲ್ಡ್‌ಸ್ಮಿತ್ ಟ್ರೇಡಲ್ಲಿ ಬಂದವರೇ, 2022ರ ಎಂವಿಪಿ, ಅಂದ್ರೆ ಲೀಗ್‌ನ ಅತ್ಯುತ್ತಮ ಆಟಗಾರ. ಮನಸ್ಸು ತೀರಾ ಕೆಟ್ಟಾಗ ಇಲ್ಲಿನವರು ನೆನೆಸ್ಕೊಳೋದು 1964ರ ಜೂನ್ 15ನ್ನ, ಅವತ್ತು ಷಿಕಾಗೋ ಕಬ್ಸ್ ಸರಿಯಾಗಿ ಆಡ್ತಿಲ್ಲ ಅಂತ ಲೂ ಬ್ರಾಕ್ ಅನ್ನೋ 24ರ ಹುಡುಗನ್ನ ಎರ್ನಿ ಬ್ರಾಗ್ಲಿಯೋ ಅನ್ನೋ ಪಿಚ್ಚರ್ ಸಿಗ್ತಾನೆ ಅಂತ ನಮಗೆ ಕೊಟ್ಬಿಟ್ರು. ಅದೇ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್, ಆಮೇಲೆ ಬ್ರಾಕ್ ಕದ್ದ ಬೇಸ್ 938, ಸೀದಾ ಹಾಲ್ ಆಫ್ ಫೇಮ್. ಕಬ್ಸ್ ಕೈಲಿ ಕಳೆಗುಂದಿದ್ದ ಪ್ರಾಸ್ಪೆಕ್ಟೇ ಅದು.

ಬೇಸ್‌ಬಾಲ್ ಮಾತಾಡ್ತಾ ಆಡ್ತಾ ಇದ್ದಕ್ಕಿದ್ದಂಗೆ ಹಾಕಿಗೆ ಯಾಕೆ ಹಾರ್ತಾರೆ?

ಎನ್‌ಎಚ್‌ಎಲ್, ಅಂದ್ರೆ ಐಸ್ ಹಾಕಿ ಲೀಗಿನ ಪ್ಲೇಆಫ್ ಏಪ್ರಿಲ್ ಮಧ್ಯ ಶುರುವಾಗಿ ಜೂನ್‌ವರೆಗೂ ನಡಿಯತ್ತೆ, ಅಂದ್ರೆ ಬೇಸ್‌ಬಾಲ್ ಆಕಳಿಸ್ತಿರೋ ಹೊತ್ತಿಗೆ ಸರಿಯಾಗಿ. ಎರಡು ಮೈದಾನನೂ ಡೌನ್‌ಟೌನಲ್ಲಿ ಕ್ಲಾರ್ಕ್ ರಸ್ತೇಲೇ ಇರೋದು, ಏಳನೇ ಬೀದಿ ಹತ್ರ ಬುಷ್ ಸ್ಟೇಡಿಯಂ, ಹದಿನಾಲ್ಕನೇ ಬೀದೀಲಿ ಬ್ಲೂಸ್ ಆಡೋ ಎಂಟರ್‌ಪ್ರೈಸ್ ಸೆಂಟರ್, ಮೆಟ್ರೋಲಿಂಕ್‌ನಲ್ಲಿ ಒಂದೇ ಸ್ಟಾಪ್ ವ್ಯತ್ಯಾಸ. ಎರಡೂ ಮ್ಯಾಚ್ ಒಂದೇ ಸಂಜೆ ಬಿದ್ರೆ ಕೆಂಪು ಜರ್ಸಿ ನೀಲಿ ಜರ್ಸಿ ಎಲ್ಲ ಒಂದೇ ಟ್ರೈನಲ್ಲಿ, ಪಾರ್ಕಿಂಗ್ ಕೇಳ್ಲೇಬೇಡಿ.

ಮತ್ತೆ ಮನಸ್ಸಿಗೂ ಬೇಕು. ವಾಕರ್ ಸರಿಹೋದ್ನಾ ಇಲ್ವಾ ಅಂತ ಗೊತ್ತಾಗೋಕೆ ಒಂದು ವರ್ಷ ಹಿಡಿಯತ್ತೆ, ಹಾಕಿ ಪ್ಲೇಆಫ್‌ನಲ್ಲಿ ರಾತ್ರಿ ಹತ್ತೂವರೆಗೆ ಗೊತ್ತಾಗ್ಬಿಡತ್ತೆ. ನಕ್ಕೋ ಅತ್ತೋ ಮಲ್ಕೋಬಹುದು.

ಮಾಮೂಲಿ ಹಾಕಿಗೂ ಪ್ಲೇಆಫ್ ಹಾಕಿಗೂ ಏನು ವ್ಯತ್ಯಾಸ?

16 ಟೀಮು, ನಾಲ್ಕು ಸುತ್ತು, ಪ್ರತಿ ಸುತ್ತಲ್ಲೂ ಏಳರಲ್ಲಿ ನಾಲ್ಕು ಗೆಲ್ಲಬೇಕು, ಕಪ್ ಬೇಕಂದ್ರೆ ಒಟ್ಟು 16 ಗೆಲುವು. ಆದ್ರೆ ನಿಜವಾದ ಮಜಾ ಓವರ್‌ಟೈಮ್. ಲೀಗ್ ಮ್ಯಾಚಲ್ಲಿ ಸಮ ಆದ್ರೆ ಮೂರು ಮೂರು ಜನ ಐದು ನಿಮಿಷ ಆಡಿ ಆಮೇಲೆ ಶೂಟೌಟ್. ಪ್ಲೇಆಫ್‌ನಲ್ಲಿ ಶೂಟೌಟೇ ಇಲ್ಲ, ಐದೈದು ಜನ, 20 ನಿಮಿಷದ ಪೀರಿಯಡ್ಡು, ಯಾರು ಮೊದಲು ಗೋಲ್ ಹೊಡೀತಾರೋ ಅವರು ಗೆದ್ರು, ಯಾರೂ ಹೊಡೀಲಿಲ್ವಾ ಇನ್ನೊಂದು 20 ನಿಮಿಷ, ಮತ್ತಿನ್ನೊಂದು. 1936ರಲ್ಲಿ ಡೆಟ್ರಾಯಿಟ್ ಮಾಂಟ್ರಿಯಾಲ್ ಮ್ಯಾಚ್ ಆರನೇ ಓವರ್‌ಟೈಮ್‌ವರೆಗೂ ಹೋಗಿತ್ತು. ಸೀರೀಸ್ ಪೂರ್ತಿ ಒಬ್ಬರನ್ನೊಬ್ಬರು ಗೋಡೆಗೆ ಗುದ್ದಿ ಹಲ್ಲು ಉದುರಿಸಿಕೊಂಡವ್ರು ಮುಗಿದ ಮೇಲೆ ಸಾಲಾಗಿ ನಿಂತು ಕೈಕುಲುಕ್ತಾರೆ. ಅದನ್ನ ಬಿಡದೆ ನೋಡಿ.

2019, 2019 ಅಂತಿರ್ತಾರಲ್ಲ, ಏನದು?

ಬ್ಲೂಸ್ 1967ರಲ್ಲಿ ಹುಟ್ಟಿದ ಟೀಮು, ಮೊದಲ ಮೂರು ವರ್ಷನೂ ಫೈನಲ್‌ಗೆ ಹೋಗಿ ಮೂರೂ ಸೋತು, ಆಮೇಲೆ ಅರ್ಧ ಶತಮಾನ ಕಪ್ಪಿಲ್ಲ. 2019ರ ಜನವರಿ 3ರ ಬೆಳಗ್ಗೆ ನೋಡಿದ್ರೆ 31 ಟೀಮಲ್ಲಿ ಕೊನೇ ಸ್ಥಾನ. ಹಿಂದಿನ ನವೆಂಬರ್‌ನಲ್ಲೇ ಕೋಚ್ ಬದಲಾಗಿ ಕ್ರೇಗ್ ಬೆರೂಬೆ ಬಂದಿದ್ರು, ಜನವರಿಯಲ್ಲಿ ಜೋರ್ಡನ್ ಬಿನ್ನಿಂಗ್ಟನ್ ಅನ್ನೋ ಗೋಲಿಗೆ (ಗೋಲ್‌ಕೀಪರ್) ಅವಕಾಶ ಕೊಟ್ರು, ಅವನೂ ವರ್ಷಗಟ್ಲೆ ಮೈನರ್ ಲೀಗಲ್ಲೇ ಕೊಳೆತಿದ್ದ ಪ್ರಾಸ್ಪೆಕ್ಟು, ನೆನಪಿಟ್ಕೊಳಿ. ಅಲ್ಲಿಂದ ಗೆಲ್ಲೋಕೆ ಶುರು. ಡಲ್ಲಾಸ್ ಮೇಲೆ ಏಳನೇ ಮ್ಯಾಚಲ್ಲಿ ಎರಡನೇ ಓವರ್‌ಟೈಮಲ್ಲಿ ಗೋಲ್ ಹೊಡೆದಿದ್ದು ಇದೇ ಊರಲ್ಲಿ ಹುಟ್ಟಿ ಬೆಳೆದ ಪ್ಯಾಟ್ ಮರೂನ್. ಜೂನ್ 12ಕ್ಕೆ ಬಾಸ್ಟನ್‌ನಲ್ಲಿ 4-1, ಮೊದಲ ಸ್ಟಾನ್ಲಿ ಕಪ್. ಆ ಫೈನಲ್ ರಾತ್ರಿ ಬುಷ್ ಸ್ಟೇಡಿಯಂನ ದೊಡ್ಡ ಸ್ಕ್ರೀನಲ್ಲೇ ಜನ ಹಾಕಿ ನೋಡಿದ್ದು.

2025ರ ವಿನಿಪೆಗ್ ಮ್ಯಾಚ್ ಬಗ್ಗೆ ಕೇಳಬಹುದಾ?

ಕೇಳಬೇಡಿ. ಸರಿ, ಚುಟುಕಾಗಿ. ಸತತ 12 ಮ್ಯಾಚ್ ಗೆದ್ದು ಕೊನೇ ಗಳಿಗೇಲಿ ಪ್ಲೇಆಫ್‌ಗೆ ನುಗ್ಗಿದ ಟೀಮು, ಲೀಗ್‌ನಲ್ಲೇ ಮೊದಲ ಸ್ಥಾನದ ವಿನಿಪೆಗ್‌ನ ಏಳನೇ ಮ್ಯಾಚ್‌ವರೆಗೂ ಎಳೀತು, ಮೇ 4ಕ್ಕೆ ಎರಡು ನಿಮಿಷ ಬಾಕಿ ಇದ್ದಾಗ 3-1 ಮುಂದೆ. ಅಲ್ಲಿಂದ ಒಂದು ಗೋಲ್ ಬಿಟ್ರು. ಆಮೇಲೆ ವಿನಿಪೆಗ್‌ನವ್ರು ತಮ್ಮ ಗೋಲಿಯನ್ನ ಆಚೆ ಕಳಿಸಿ ಆರನೇ ಆಟಗಾರನ್ನ ಇಳಿಸಿದ್ದಾರೆ, ಗಡಿಯಾರದಲ್ಲಿ ಎರಡ್ಮೂರು ಸೆಕೆಂಡು, ಕೋಲ್ ಪರ್ಫೆಟ್ಟಿ ಗೋಲ್ ಪಕ್ಕದಲ್ಲಿ ನಿಂತಿದಾನೆ, ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಅವನ ಕೋಲಿಗೆ ತಾಗಿ ಒಳಗೆ. ನಮ್ಮ ಬೇಸ್‌ಮೆಂಟಲ್ಲಿ ಎಂಟು ಜನ ಇದ್ವಿ, ಒಬ್ಬರೂ ಬಾಯಿ ಬಿಡಲಿಲ್ಲ, ಯಾರೋ ಕೈಲಿದ್ದ ಚುರುಮುರಿ ತಟ್ಟೆ ಹಂಗೇ ವಾಲಿ ಕಾರ್ಪೆಟ್ ತುಂಬ ಈರುಳ್ಳಿ. ಎರಡನೇ ಓವರ್‌ಟೈಮಲ್ಲಿ ಆಡಂ ಲೌರಿ ಮುಗಿಸಿದ, 4-3.

ಹಾಕೀಲೂ ಸೋತ ಪ್ರಾಸ್ಪೆಕ್ಟ್ ಗೋಳು ಇದ್ಯಾ?

ಇದೆ, ಅದ್ರಲ್ಲಿ ಈ ಸಲ ನಾವು ವೀರಭದ್ರರು. ಡಿಲನ್ ಹಾಲೋವೇ, ಫಿಲಿಪ್ ಬ್ರೋಬರ್ಗ್ ಇಬ್ಬರೂ ಎಡ್ಮಂಟನ್‌ನ ಮೊದಲ ಸುತ್ತಿನ ಡ್ರಾಫ್ಟ್ ಹುಡುಗರು, ಅಲ್ಲಿ ಸರಿಯಾಗಿ ಐಸ್ ಮೇಲೆ ಜಾಗನೇ ಸಿಗ್ತಿರಲಿಲ್ಲ. 2024ರ ಆಗಸ್ಟಲ್ಲಿ ಬ್ಲೂಸ್ ಆಫರ್ ಶೀಟ್ ಹಾಕಿದ್ರು, ಅಂದ್ರೆ ಬೇರೆ ಕ್ಲಬ್‌ನ ಹುಡುಗನಿಗೇ ನೇರ ಸಂಬಳ ಕೊಡ್ತೀವಿ ಅನ್ನೋದು, ಹಳೇ ಕ್ಲಬ್ ಅಷ್ಟೇ ಕೊಡಬೇಕು, ಇಲ್ಲಾ ಬಿಡಬೇಕು. ಎಡ್ಮಂಟನ್ ಇಬ್ಬರನ್ನೂ ಬಿಡ್ತು, ಸಿಕ್ಕಿದ್ದು ಒಂದು ಎರಡನೇ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನದು. ಹಾಲೋವೇ ಬಂದ ವರ್ಷವೇ 26 ಗೋಲ್, ಬೇರೆಯವ್ರ ಗೋಲಿಗೆ ಕೊಟ್ಟ ಪಾಸೂ ಸೇರಿ ಒಟ್ಟು 63 ಪಾಯಿಂಟ್. ಬೇಸ್‌ಬಾಲಲ್ಲಿ ಈ ಸೌಲಭ್ಯ ಇಲ್ಲ, ಇದ್ದಿದ್ರೆ ಯಾರಾದ್ರೂ ವಾಕರ್‌ನ ಎತ್ಕೊಂಡು ಹೋಗಿ ನಮಗೆ ಇನ್ನೊಂದು ಹೊಟ್ಟೆಉರಿ ಸೇರ್ತಿತ್ತು.

ಪಕ್ ಕಣ್ಣಿಗೇ ಕಾಣಲ್ಲ, ಏನು ಮಾಡ್ಲಿ?

ಪಕ್ ನೋಡಬೇಡಿ, ಗೋಲಿ ನೋಡಿ. ಅವನು ತಿರುಗಿದ ಕಡೆ ಪಕ್ ಇರತ್ತೆ.

ಬೆಂಗಳೂರಲ್ಲಿ ಕೂತು ನೋಡಬೇಕು ಅಂದ್ರೆ ಎಷ್ಟು ಹೊತ್ತಿಗೆ?

ಕಾರ್ಡಿನಲ್ಸ್ ಮನೆ ಮೈದಾನದ ರಾತ್ರಿ ಮ್ಯಾಚ್ ಇಲ್ಲಿ 6:45ಕ್ಕೆ ಅಂದ್ರೆ ಅಲ್ಲಿ ಮರುದಿನ ಬೆಳಗ್ಗೆ 5:15, ಬ್ಲೂಸ್ ಏಳು ಗಂಟೆ ಮ್ಯಾಚ್ ಅಂದ್ರೆ 5:30. ಹಾಲಿನವ್ನು ಬರೋ ಹೊತ್ತು, ಕಾಫಿ ಜೊತೆ ಆರಾಮಾಗಿ ನೋಡಬಹುದು. ಬೇಸ್‌ಬಾಲ್ ಸಾಮಾನ್ಯವಾಗಿ ಬೆಳಗ್ಗೆ ಎಂಟರ ಹೊತ್ತಿಗೆ ಮುಗಿಯತ್ತೆ, ಪಿಚ್ ಕ್ಲಾಕ್ (ಚೆಂಡು ಹಾಕೋಕೆ ಟೈಮ್ ಮಿತಿ) ಬಂದ್ಮೇಲೆ ಬೇಗಬೇಗ ನಡಿಯತ್ತೆ. ಹಾಕಿ ಪ್ಲೇಆಫ್ ಇರೋ ದಿನ ಮಾತ್ರ ಒಂಬತ್ತೂವರೆ ಸ್ಟ್ಯಾಂಡಪ್ ಮೀಟಿಂಗ್‌ಗೆ ಬರ್ತೀನಿ ಅಂತ ಯಾರಿಗೂ ಮಾತು ಕೊಡಬೇಡಿ.